ತಾಯಿಯ ಹೆಸರು ಬರೆಯುವ ಜಾಗ

ನಮ್ಮ ಎಂಜಲಿಗೆ ಇಷ್ಟು ಬೆಲೆ ಬರುತ್ತದೆಂದು ನನ್ನ ಅಜ್ಜನಿಗೆ ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಅಜ್ಜನ ಅಪ್ಪನ ಕಾಲದಲ್ಲಿ ನಮ್ಮವರು ಊರಿನ ದಾರಿಯಲ್ಲಿ ಉಗುಳುವಂತಿರಲಿಲ್ಲ. ನಮ್ಮ ಉಗುಳು ಬಿದ್ದ ನೆಲವನ್ನು ಮೇಲಿನವರು ತುಳಿದರೆ ಅವರಿಗೆ ಮೈಲಿಗೆ. ಅದಕ್ಕೆ ಕೊರಳಿಗೊಂದು ತೆಂಗಿನ ಗೆರಟೆ ಕಟ್ಟಿಕೊಂಡು ನಡೆಯಬೇಕಿತ್ತು. ಉಗುಳು ಬಂದರೆ ಅದರಲ್ಲೇ ಉಗುಳಬೇಕಿತ್ತು.

ನಾಲ್ಕು ವರ್ಷದ ಹಿಂದೆ ಶಹಾಡ್‌ನ ನಮ್ಮ ಚಾಳಿನ ಹಾಲ್‌ನಲ್ಲಿ, ಬಿಳಿ ಕೋಟಿನ ಹುಡುಗಿಯರು ನಮ್ಮ ಕೊರಳಿಗೆ ಒಂದೊಂದು ನೀಲಿ ಪಟ್ಟಿ ಹಾಕಿದರು. ಪಟ್ಟಿಯ ತುದಿಯಲ್ಲಿ ಒಂದು ನಂಬರು. ಕೈಗೊಂದು ಪ್ಲಾಸ್ಟಿಕ್ ನಳಿಗೆ. ಇದರಲ್ಲಿ ಉಗುಳಿ ಎಂದರು. ಗೆರೆ ಮುಟ್ಟುವವರೆಗೆ ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ನೂರ ನಲವತ್ತಮೂರು ಜನ ಉಗುಳಿದೆವು. ಆ ಹುಡುಗಿಯರು ನಳಿಗೆಗಳನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟರು. ನಾನು ಕೈಮುಗಿದೆ. ಕಾಲ ಬದಲಾಯಿತು ಅಂದುಕೊಂಡೆ.

ನನ್ನ ಹೆಸರು ಲೀಲಾಧರ. ಅರವತ್ತೊಂಬತ್ತು ವರ್ಷ. ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಪಾತ್ರೆ ತೊಳೆದೆ. ಯಜಮಾನರು ಪುಂಡರೀಕಾಕ್ಷ ರಾಯರು. ನನ್ನ ಜಾತಿ ಅವರಿಗೆ ಗೊತ್ತಿತ್ತು. ಅಡುಗೆಮನೆಯ ಹೊಸ್ತಿಲು ನನಗೆ ಗೊತ್ತಿತ್ತು. ಇಬ್ಬರೂ ಆ ವಿಷಯ ಮಾತಾಡಲಿಲ್ಲ. ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಲು ಬಿಡುತ್ತಿದ್ದರು. ನಾನು ಓದು ಬರಹ ಕಲಿತದ್ದು ಅಲ್ಲಿ. ಸೋಡಾ ಪುಡಿಯಲ್ಲಿ ಬೆಂದ ಬೆರಳು ಪೆನ್ಸಿಲು ಹಿಡಿದರೆ ಉರಿಯುತ್ತಿತ್ತು. ಆದರೂ ಅಕ್ಷರ ಗುಂಡಗೆ ಬಂತು.

ಕಲ್ಯಾಣ, ಶಹಾಡ್, ಅಂಬರನಾಥದಲ್ಲಿ ಇರುವ ನಮ್ಮ ಜನಕ್ಕೆ ನಾನು ಗುರಿಕಾರ. ಗುರಿಕಾರನೆಂದರೆ ದೊಡ್ಡ ಪದವಿಯಲ್ಲ. ಮದುವೆಗೆ, ಸಾವಿಗೆ, ನಮ್ಮ ದೈವ ಅಜ್ಜನಿಗೆ ವೀಳ್ಯ ಇಡುವುದಕ್ಕೆ ಮುಂದೆ ನಿಲ್ಲಬೇಕು. ನಾನು ವೀಳ್ಯ ಕೊಟ್ಟು ಕರೆದರೆ ಜನ ಬರುತ್ತಾರೆ. ಆ ಕ್ಯಾಂಪಿಗೆ ನೂರ ನಲವತ್ತಮೂರು ಜನ ಬಂದದ್ದು ಯಂತ್ರದ ಮೇಲಿನ ನಂಬಿಕೆಯಿಂದಲ್ಲ. ನಾನು ಮನೆ ಮನೆಗೆ ಹೋಗಿ ವೀಳ್ಯ ಕೊಟ್ಟಿದ್ದೆ. ಈ ಪಾಪವನ್ನು ಮೊದಲೇ ಹೇಳಿಬಿಡುತ್ತೇನೆ.

ಕ್ಯಾಂಪ್ ಮಾಡಿಸಿದವನು ಪುಂಡರೀಕಾಕ್ಷ ರಾಯರ ಮೊಮ್ಮಗ, ಡಾಕ್ಟರ್ ಸುಶ್ರುತ. ಘೋಡಬಂದರ್ ರಸ್ತೆಯ ಹೊಸ ದೊಡ್ಡ ಆಸ್ಪತ್ರೆಯಲ್ಲಿ ಅವನದೇ ಒಂದು ಮಹಡಿ. ಪ್ರತಿಯೊಬ್ಬರ ಮೈಯೊಳಗೆ ಬೇರೆ ಬೇರೆ ಬರಹ ಇರುತ್ತದೆ, ಅದನ್ನು ಎಐ ಓದುತ್ತದೆ, ಯಾರಿಗೆ ಯಾವ ಕಾಯಿಲೆ ಬರಬಹುದು, ಯಾರಿಗೆ ಯಾವ ಔಷಧಿ ಹಿಡಿಸುತ್ತದೆ ಎಂದು ಮೊದಲೇ ಹೇಳುತ್ತದೆ ಎಂದು ಅವನು ಹಾಲ್‌ನಲ್ಲಿ ಹಿಂದಿಯಲ್ಲಿ ವಿವರಿಸಿದ. ಇನ್ನು ಎಲ್ಲರಿಗೂ ಒಂದೇ ಮಾತ್ರೆ ಕೊಡುವ ಕಾಲ ಮುಗಿಯಿತು, ದರ್ಜಿ ಅಳತೆ ತೆಗೆದು ಅಂಗಿ ಹೊಲಿದ ಹಾಗೆ ಔಷಧಿ ಎಂದ. ಹಿಂದೆ ಕೂತಿದ್ದ ಒಬ್ಬ ಮುದುಕ, ನಮ್ಮ ಅಳತೆಗೆ ಅಂಗಿಯನ್ನೇ ಯಾರೂ ಹೊಲಿಯಲಿಲ್ಲ, ಇವರು ಔಷಧಿ ಹೊಲಿಯುತ್ತಾರಂತೆ ಎಂದ. ಜನ ನಕ್ಕರು. ಸುಶ್ರುತನೂ ನಕ್ಕ, ಅರ್ಥವಾಗದೆ.

ಉಗುಳುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಬರೆದುಕೊಂಡವಳು ಅಪರ್ಣಾ. ವರ್ತಕ ನಗರದ ಹುಡುಗಿ, ಕನ್ನಡದವಳು, ಮೆತ್ತಗೆ ಮಾತಾಡುವವಳು. ನನ್ನ ಇಬ್ಬರು ಸೊಸೆಯಂದಿರು, ಅಂದರೆ ಅಕ್ಕನ ಮಕ್ಕಳು, ರಮಿತಾ ಮತ್ತು ಬಾಗಿ, ನನ್ನ ಪಕ್ಕದಲ್ಲಿ ಕೂತಿದ್ದರು. ರಮಿತಾ ದೊಡ್ಡವಳು. ಗಂಡ ಬಿಟ್ಟು ಹೋಗಿದ್ದ. ಅದೇ ಆಸ್ಪತ್ರೆಯಲ್ಲಿ ಕಂತ್ರಾಟಿನ ಮೇಲೆ ನೆಲ ಒರೆಸುತ್ತಿದ್ದಳು. ಬಾಗಿ ಕೇಟರಿಂಗ್‌ನವರಲ್ಲಿ ದಿನಕ್ಕೆ ಎಂಟುನೂರು ಚಪಾತಿ ಲಟ್ಟಿಸುತ್ತಾಳೆ. ಅವಳಿಗೆ ಮದುವೆಯಾಗಿಲ್ಲ.

ಅಪರ್ಣಾ ತಾಯಿಯ ಹೆಸರು ಕೇಳಿದಳು. ನಾನು ಸತ್ಯಮ್ಮ ಎಂದೆ. ಇದ್ದಾರಾ ಎಂದಳು. ಇದ್ದಾಳೆ, ಅಗೋ ಅಲ್ಲಿ ಸಾಲಿನಲ್ಲಿ ಎಂದೆ. ವಯಸ್ಸು ಅರವತ್ತಮೂರು. ಏನಾದರೂ ದೊಡ್ಡ ಕಾಯಿಲೆ? ಮಂಡಿ ನೋವು ಬಿಟ್ಟರೆ ಏನೂ ಇಲ್ಲ. ತಾಯಿಯ ಕಡೆ ಯಾರಿಗಾದರೂ ಎದೆಯ ಗಂಟು? ನಾನು ಇಲ್ಲ ಎಂದೆ.

ರಮಿತಾ ಒಂದು ಸಲ ನನ್ನ ಮುಖ ನೋಡಿದಳು.

ಅವರನ್ನು ಹೆತ್ತವಳು ಸತ್ಯಮ್ಮ ಅಲ್ಲ. ಹೆತ್ತವಳು ನನ್ನ ಅಕ್ಕ ತುಕ್ರು. ಮೂವತ್ತೊಂಬತ್ತನೆಯ ವರ್ಷದಲ್ಲಿ ಎದೆಯ ಗಂಟು ಒಡೆದು ಸತ್ತಳು. ಆಗ ರಮಿತಾಗೆ ಆರು ವರ್ಷ, ಬಾಗಿಗೆ ಎರಡು. ನಮ್ಮಲ್ಲಿ ಒಂದು ಕ್ರಮ ಉಂಟು. ಸತ್ತವಳ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ, ಕಾರ್ಯವೆಲ್ಲ ಮುಗಿದ ಮೇಲೆ, ಅವಳ ತಂಗಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಾಳೆ. ಅಜ್ಜನ ಮುಂದೆ ಅವಳ ಕೈಗೆ ವೀಳ್ಯ ಕೊಡುತ್ತಾರೆ. ಆ ಕ್ಷಣದಿಂದ ಅವಳೇ ತಾಯಿ. ಸತ್ತವಳನ್ನು ಆ ಮಕ್ಕಳ ತಾಯಿ ಎಂದು ಯಾರೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಸತ್ತವಳಿಗೆ ಕೇಳಿಸುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಲು ಬರುತ್ತಾಳೆ ಎಂದು ನಂಬಿಕೆ. ಅಂದು ನನ್ನ ತಂಗಿ ಸತ್ಯಮ್ಮನ ಕೈಯಲ್ಲಿ ವೀಳ್ಯ ಇಟ್ಟವನು ನಾನು. ರೇಷನ್ ಕಾರ್ಡು, ಶಾಲೆಯ ದಾಖಲೆ, ಆಧಾರ್ ಎಲ್ಲ ಕಡೆ ತಾಯಿ ಸತ್ಯಮ್ಮ. ಬಾಗಿಗೆ ಬೇರೆ ಗೊತ್ತೇ ಇರಲಿಲ್ಲ. ರಮಿತಾಗೆ ನೆನಪಿತ್ತು. ಅವಳೂ ಮೂವತ್ತು ವರ್ಷ ಬಾಯಿ ಬಿಡಲಿಲ್ಲ.

ಸುಳ್ಳು ಹೇಳಿದೆನೆಂದು ನನಗೆ ಅನಿಸಲಿಲ್ಲ. ದೇವರ ಮುಂದೆ ಆದ ಮಾತು ಸುಳ್ಳಾಗುವುದು ಹೇಗೆ?

ಎರಡು ತಿಂಗಳಿಗೆ ಕಾರ್ಡು ಬಂದವು. ಕೆಂಪು ಬಂದವರಿಗೆ ವರ್ಷಕ್ಕೊಂದು ಸಲ ಪುಕ್ಕಟೆ ಸ್ಕ್ಯಾನ್. ಹಸಿರು ಬಂದವರು ಐದು ವರ್ಷ ನಿಶ್ಚಿಂತೆಯಿಂದ ಇರಬಹುದು. ರಮಿತಾ, ಬಾಗಿ ಇಬ್ಬರಿಗೂ ಹಸಿರು. ನಾನು ಆ ಕಾರ್ಡುಗಳನ್ನು ಅಜ್ಜನ ಪಟದ ಮುಂದೆ ಇಟ್ಟು ಚಕ್ಕುಲಿ ಬಡಿಸಿದೆ.

ಮರುವರ್ಷ ರಮಿತಾಗೆ ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಬೇರೆ ಎಲ್ಲಿಗೂ ಹೋಗಬೇಕಿರಲಿಲ್ಲ. ಅವಳು ಆ ಯಂತ್ರ ಇಟ್ಟ ಕೋಣೆಯನ್ನೇ ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ಯಂತ್ರಕ್ಕೆ ಮೈ ಬಿಸಿಯಾಗಬಾರದೆಂದು ಆ ಕೋಣೆಯನ್ನು ಯಾವಾಗಲೂ ತಣ್ಣಗೆ ಇಡುತ್ತಾರೆ. ಅವಳು ಸ್ವೆಟರ್ ಹಾಕಿಕೊಂಡು ಒರೆಸುತ್ತಿದ್ದಳು. ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಕೌಂಟರಿಗೆ ಹೋಗಿ ಸಾಲಿನಲ್ಲಿ ನಿಂತಳು. ಕೌಂಟರಿನವಳು ಕಾರ್ಡು ನೋಡಿ, ಗ್ರೀನ್ ಆಹೆ, ಕಾಹಿ ನಾಹಿ ಹೋಣಾರ್ ಎಂದಳು. ಏನೂ ಆಗುವುದಿಲ್ಲ ಎಂದರ್ಥ. ಎರಡನೆಯ ಸಲ ಒಬ್ಬ ಡಾಕ್ಟರು ಕೈಯಿಂದ ಒತ್ತಿ ನೋಡಿದ. ಸ್ಕ್ಯಾನ್ ಬರೆಯಲು ಹೋದ. ಕಂಪ್ಯೂಟರ್ ಒಪ್ಪಲಿಲ್ಲ. ಹಸಿರು ಕಾರ್ಡಿಗೆ ವಿಮೆಯವರು ಸ್ಕ್ಯಾನ್ ಕೊಡುವುದಿಲ್ಲ. ಮಾಪ್ ಎಳೆದು ಎಳೆದು ಸ್ನಾಯು ಹಿಡಿದಿರಬೇಕು ಎಂದು ನೋವಿನ ಮುಲಾಮು ಬರೆದ. ಮೂರನೆಯ ಸಲ ಅವಳನ್ನು ಸಾಲಿನಿಂದಲೇ ಕಳಿಸಿದರು. ಹದಿನಾಲ್ಕು ತಿಂಗಳು ಅವಳು ಆ ಮುಲಾಮು ಹಚ್ಚಿಕೊಂಡು ಬಕೆಟ್ ಎತ್ತಿದಳು. ಆಮೇಲೆ ಎಡಗೈ ಏಳಲಿಲ್ಲ. ಬಲಗೈಯಲ್ಲಿ ಒರೆಸಿದಳು. ಗಂಟು ಒಡೆದ ದಿನ ಅವಳ ಮೇಸ್ತ್ರಿ ಕೇಳಿದ್ದು, ಈ ವಾಸನೆ ಎಲ್ಲಿಂದ ಎಂದು.

ಕಳೆದ ವರ್ಷ ಹೋದಳು. ಮೂವತ್ತೆಂಟು ತುಂಬಿರಲಿಲ್ಲ. ಬೊಜ್ಜ ನಾನೇ ಮಾಡಿದೆ. ಅವಳಿಗೆ ಮಕ್ಕಳಿರಲಿಲ್ಲ. ವೀಳ್ಯ ಯಾರ ಕೈಗೂ ಇಡಬೇಕಾಗಲಿಲ್ಲ.

ಅವಳು ಸತ್ತ ಏಳು ತಿಂಗಳಿಗೆ ಆಸ್ಪತ್ರೆಯಿಂದ ಮರಾಠಿಯಲ್ಲಿ ಒಂದು ಕಾಗದ ಬಂತು. ಬಾಗಿ ಓದಿ ಹೇಳಿದಳು. ನಿಮ್ಮ ಸಮುದಾಯದ ಕೊಡುಗೆ ಅಮೂಲ್ಯ. ನಿಮಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದಿದ್ದೇವೆ. ಎರಡನೆಯ ಕ್ಯಾಂಪಿಗೆ ನಿಮ್ಮ ಸಹಕಾರ ಬೇಕು. ರಮಿತಾಳ ಹೆಸರು ಎಲ್ಲೂ ಇರಲಿಲ್ಲ. ಬಾಗಿ ಕಾಗದ ಮಡಿಸಿ, ಮಾಮ, ಇವರಿಗೆ ಶರಮ್, ನಾಚಿಕೆ ಉಂಟಾ ಅಂತ ಒಂದು ಟೆಸ್ಟ್ ಮಾಡಿಸಬೇಕು, ರಿಪೋರ್ಟ್ ಗ್ರೀನೇ ಬರ್ತದೆ ಎಂದಳು.

ನಾನು ಹೋದೆ. ಶಾಲಿಗಾಗಿ ಅಲ್ಲ. ಹಸಿರು ಕಾರ್ಡಿನವಳು ಹೇಗೆ ಸತ್ತಳೆಂದು ಕೇಳಬೇಕಿತ್ತು.

ಸುಶ್ರುತ ಎದ್ದು ನಿಂತು ಕುರ್ಚಿ ಕೊಟ್ಟ. ತನ್ನ ಕೈಯಿಂದಲೇ ಕಾಫಿ ಕೊಟ್ಟ. ಅವನ ಅಜ್ಜನ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಲೋಟ ತೊಳೆದೆ, ಅಲ್ಲಿ ಕೂತು ಕುಡಿಯುವ ಪ್ರಸಂಗ ಬಂದಿರಲಿಲ್ಲ. ಅಜ್ಜ ನನ್ನನ್ನು ಏ ಲೀಲ ಎನ್ನುತ್ತಿದ್ದರು. ಮೊಮ್ಮಗ ಅಂಕಲ್ ಎಂದ. ಎರಡು ತಲೆಮಾರಿನಲ್ಲಿ ಇಷ್ಟು ಮುಂದೆ ಬಂದಿದ್ದೇವೆ.

ರಮಿತಾಳ ವಿಷಯ ಕೇಳಿದೆ. ಅವನು ದುಃಖಪಟ್ಟ. ಅವಳ ಬರಹದಲ್ಲಿ ಒಂದು ಕಡೆ ಒಂದು ಅಕ್ಷರ ಬದಲಾಗಿತ್ತಂತೆ. ಯಂತ್ರ ಅದನ್ನು ಕಂಡಿತ್ತಂತೆ. ಆದರೆ ಅಂಥ ಬದಲಾವಣೆಯನ್ನು ಅದು ಮೊದಲು ಎಲ್ಲೂ ಕಂಡಿರಲಿಲ್ಲ. ಲಕ್ಷಾಂತರ ಜನರನ್ನು ಓದಿ ಕಲಿತ ಯಂತ್ರ, ಆ ಲಕ್ಷದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಅದಕ್ಕೆ ಅರ್ಥ ತಿಳಿಯದ ಬದಲಾವಣೆ ಎಂದು ಬರೆಯಿತು. ಅರ್ಥ ತಿಳಿಯದಿದ್ದಾಗ ಮನೆತನದ ಚರಿತ್ರೆ ನೋಡುತ್ತದೆ. ತಾಯಿ ಅರವತ್ತಮೂರು ವರ್ಷ, ಆರೋಗ್ಯವಂತೆ. ಹಸಿರು ಕೊಟ್ಟಿತು. ಈಗ ಅರ್ಥ ತಿಳಿದಿದೆ ಎಂದ. ಹೇಗೆ ತಿಳಿಯಿತು ಎಂದೆ. ಅವಳ ಕೇಸಿನಿಂದಲೇ ಎಂದ.

ಅವಳು ಸತ್ತದ್ದರಿಂದ ಯಂತ್ರಕ್ಕೆ ಅರ್ಥ ತಿಳಿಯಿತು. ಅವಳು ಅದರ ಕೋಣೆ ಒರೆಸಿದ್ದು ಸಾಲದೆ ಪಾಠವನ್ನೂ ಹೇಳಿಕೊಟ್ಟಳು.

ಆಮೇಲೆ ಸುಶ್ರುತನ ಮುಖ ಅರಳಿತು. "ಅಂಕಲ್, ನಿಮ್ಮ ಕಮ್ಯುನಿಟಿ ಎಷ್ಟು ಪ್ಯೂರ್ ಗೊತ್ತುಂಟಾ? ಸಾವಿರಾರು ವರ್ಷದಿಂದ ಹೊರಗೆ ಮದುವೆಯೇ ಆಗಿಲ್ಲ. ಮಿಕ್ಸಿಂಗ್ ಇಲ್ಲ. ಇಂಥ ಡೇಟಾ ದೇಶದಲ್ಲೇ ಸಿಗೋದಿಲ್ಲ."

"ಆಗಿಲ್ಲ ಅಲ್ಲ, ಡಾಕ್ಟ್ರೇ. ಬಿಡಲಿಲ್ಲ" ಎಂದೆ.

"ಜೆನೆಟಿಕಲಿ ಎರಡೂ ಒಂದೇ ಅಂಕಲ್."

ನಮ್ಮನ್ನು ಶುದ್ಧ ಎಂದು ಕರೆದ ಮೊದಲನೆಯವನು ಅವನು. ಮುಟ್ಟಬಾರದ ಕಾರಣಕ್ಕೇ ಶುದ್ಧ. ಅವನ ಅಜ್ಜ ಕಾಯ್ದುಕೊಂಡು ಬಂದ ಹೊಸ್ತಿಲಿಗೆ ಮೊಮ್ಮಗ ವಿಜ್ಞಾನದ ಪ್ರಶಸ್ತಿ ಕೊಡುತ್ತಿದ್ದ. ನಾನು ಕಾಫಿ ಮುಗಿಸಿದೆ. ಲೋಟ ಕಾಗದದ್ದು. ತೊಳೆಯುವ ಹಾಗಿರಲಿಲ್ಲ.

ಆದರೆ ಆ ದಿನ ನಾನು ಸಿಟ್ಟಿನಿಂದ ಹೊರಗೆ ಬರಲಿಲ್ಲ. ನಾಚಿಕೆಯಿಂದ ಬಂದೆ. ಯಂತ್ರಕ್ಕೆ ತಪ್ಪು ಚರಿತ್ರೆ ಕೊಟ್ಟವನು ನಾನು. ನನ್ನ ನಾಲಿಗೆಯಿಂದಲೇ ರಮಿತಾ ಸತ್ತಳು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಇದನ್ನೇ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ.

ಅಲ್ಲಿಗೆ ಅಪರ್ಣಾ ಬಂದಳು. ಕೊರಳಿನ ಗುರುತಿನ ಚೀಟಿ ತೆಗೆದು ಪರ್ಸಿನೊಳಗೆ ಹಾಕಿಕೊಂಡಿದ್ದಳು. ಲೀಲಾಧರಣ್ಣ, ನಾನು ಇದನ್ನು ಹೇಳಬಾರದು ಎಂದಳು. ಹೇಳಬೇಡ ಮಗ ಎಂದೆ. ಹೇಳದೆ ನಿದ್ದೆ ಬರುವುದಿಲ್ಲ ಎಂದು ಅತ್ತಳು. ಆಮೇಲೆ ಹೇಳಿದಳು.

ಕ್ಯಾಂಪಿನಲ್ಲಿ ಸತ್ಯಮ್ಮನೂ ಉಗುಳಿದ್ದಳು. ಎಲ್ಲರ ಉಗುಳು ಬಂದ ಮೇಲೆ ಯಂತ್ರ ಮೊದಲು ಮಾಡುವ ಕೆಲಸ, ಯಾರು ಯಾರಿಗೆ ಏನು ಎಂದು ತಾಳೆ ನೋಡುವುದು. ತಾಯಿ ಮಗಳ ಬರಹ ಅರ್ಧಕ್ಕೆ ಅರ್ಧ ಕೂಡಬೇಕು. ಸತ್ಯಮ್ಮ ಮತ್ತು ಈ ಇಬ್ಬರದು ಕಾಲು ಪಾಲು ಮಾತ್ರ ಕೂಡಿತ್ತು. ಯಂತ್ರ ಮೊದಲ ವಾರದಲ್ಲೇ ಬರೆದಿಟ್ಟಿತ್ತು. ಹೇಳಿದ ತಾಯಿ ಹೆತ್ತ ತಾಯಿಯಲ್ಲ, ಬಹುಶಃ ತಾಯಿಯ ತಂಗಿ. ಅದರ ಕೆಳಗೆ ಇನ್ನೊಂದು ಸಾಲು. ಆಸ್ಪತ್ರೆಯ ನೀತಿಯ ಪ್ರಕಾರ ಕುಟುಂಬಕ್ಕೆ ತಿಳಿಸತಕ್ಕದ್ದಲ್ಲ.

"ಹಾಗಾದರೆ ಹಸಿರು ಯಾಕೆ ಕೊಟ್ಟಿತು?" ಎಂದೆ.

"ತಾಳೆ ನೋಡುವ ಪ್ರೋಗ್ರಾಂ ಬೇರೆ, ಕಾರ್ಡ್ ಕೊಡುವ ಪ್ರೋಗ್ರಾಂ ಬೇರೆ ಅಣ್ಣ. ಕಾರ್ಡ್ ಕೊಡುವುದು ಫಾರಂ ಮಾತ್ರ ನೋಡ್ತದೆ. ಎರಡೂ ಮಾತಾಡುವುದಿಲ್ಲ. ಮನುಷ್ಯರು ಯಾರಾದರೂ ಓದಿ ಹೇಳಬೇಕಿತ್ತು. ನಾನು ಓದಿದ್ದೆ."

ಅವಳ ಬಸ್ ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಅದಕ್ಕೆ ಹತ್ತಿದಳು.

ನಮ್ಮ ಅಜ್ಜನ ಮುಂದೆ ಕೊಟ್ಟ ವೀಳ್ಯಕ್ಕಾಗಿ ನಾನು ಬಾಯಿ ಮುಚ್ಚಿದ್ದೆ. ಅವರು ನೀತಿಗಾಗಿ ಮುಚ್ಚಿದ್ದರು. ನಾನು ಓದು ಕಲಿತ ಪಾತ್ರೆ ತೊಳೆಯುವವನು, ದೆವ್ವಕ್ಕೆ ಹೆದರುವವನು. ಅವರು ಯಾವುದಕ್ಕೆ ಹೆದರಿದರು?

ಮರುದಿನವೇ ಮತ್ತೆ ಹೋದೆ. ಈ ಸಲ ಕೂರಲಿಲ್ಲ. ಯಾರು ಹೇಳಿದರೆಂದು ಹೇಳಲಿಲ್ಲ. ನನ್ನ ಸೊಸೆಯರ ತಾಯಿ ಸತ್ಯಮ್ಮ ಅಲ್ಲವೆಂದು ನಿಮಗೆ ನಾಲ್ಕು ವರ್ಷದಿಂದ ಗೊತ್ತುಂಟು ಎಂದೆ. ಸುಶ್ರುತ ಬಾಗಿಲು ಹಾಕಿಸಿದ. ಇಂಥ ವಿಷಯ ಜಗತ್ತಿನಲ್ಲಿ ಯಾವ ಆಸ್ಪತ್ರೆಯೂ ಹೇಳುವುದಿಲ್ಲ, ಹೇಳಿದರೆ ಸಂಸಾರಗಳು ಒಡೆಯುತ್ತವೆ, ಗಂಡಂದಿರು ಹೆಂಡಿರನ್ನು ಕೊಲ್ಲುತ್ತಾರೆ, ಇದು ನಿಮ್ಮಂಥವರ ಮಾನ ಕಾಪಾಡಲು ಮಾಡಿದ ನೀತಿ ಎಂದು ವಿವರಿಸಿದ.

"ನಮ್ಮ ಮನೆ ಒಡೆಯಲಿಲ್ಲ ಡಾಕ್ಟ್ರೇ. ಗಟ್ಟಿಯಾಗಿ ಉಂಟು. ರಮಿತಾ ಒಬ್ಬಳಿಲ್ಲ, ಅಷ್ಟೇ."

ನನಗೆ ಬೇಕಾದದ್ದು ಒಂದೇ. ಬಾಗಿಯ ಹತ್ತಿರ ಇನ್ನೂ ಹಸಿರು ಕಾರ್ಡು ಇತ್ತು. ರಮಿತಾಳ ಮೈಯಲ್ಲಿದ್ದ ಅಕ್ಷರವೇ ಅವಳ ಮೈಯಲ್ಲೂ ಉಂಟೆಂದು ಅವರ ಕಂಪ್ಯೂಟರಿನಲ್ಲೇ ಬರೆದಿತ್ತು, ಅದನ್ನೂ ಅಪರ್ಣಾ ಹೇಳಿದ್ದಳು. ಅದನ್ನು ಕೆಂಪು ಮಾಡಿ, ಇಂದೇ ಸ್ಕ್ಯಾನ್ ಮಾಡಿ ಎಂದೆ.

ಅವನು ಒಪ್ಪಿದ. ಒಪ್ಪುವುದು ಅವನಿಗೆ ಬಹಳ ಸುಲಭ. ಆದರೆ ಕ್ರಮ ಬೇಕಲ್ಲ. ಒಂದು ಕಾಗದ ತಂದರು. ಕುಟುಂಬದವರು ತಪ್ಪು ಮಾಹಿತಿ ಕೊಟ್ಟದ್ದರಿಂದ ಫಲಿತಾಂಶ ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದಕ್ಕೆ ನನ್ನ ಸಹಿ. ಎರಡನೆಯದು, ಫಾರಂನಲ್ಲಿ ತಾಯಿ ಎಂದು ಬರೆಸಿದವಳು ಖುದ್ದಾಗಿ ಬಂದು, ನಾನು ತಾಯಿ ಅಲ್ಲ ಎಂದು ಬರೆದುಕೊಡಬೇಕು. ಆಗ ಮಾತ್ರ ಕಂಪ್ಯೂಟರ್ ಆ ಜಾಗವನ್ನು ತೆರೆಯುತ್ತದೆ. ಎರಡನೆಯ ಕ್ಯಾಂಪಿನ ತಾರೀಕು ಗೊತ್ತಾದರೆ ಎಲ್ಲ ಬೇಗ ಬೇಗ ಮುಗಿಸಿಕೊಡುತ್ತೇನೆ ಎಂದು ಕೊನೆಯಲ್ಲಿ ಸೇರಿಸಿದ.

ನಾನು ಪೆನ್ನು ತೆಗೆದುಕೊಂಡೆ. ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿ ಬರೆದೆ. ನನಗೆ ಗೊತ್ತಿತ್ತು, ಹೇಳಲಿಲ್ಲ. ಇದು ನನ್ನ ತಪ್ಪು. ಆಸ್ಪತ್ರೆಗೆ ಗೊತ್ತಿತ್ತು, ಹೇಳಲಿಲ್ಲ. ಇದು ಆಸ್ಪತ್ರೆಯ ತಪ್ಪು. ನನ್ನ ತಪ್ಪಿಗೆ ನಾನು ಸಹಿ ಮಾಡಿದ್ದೇನೆ. ಅದರ ಕೆಳಗೆ ಇನ್ನೊಂದು ಸಹಿಗೆ ಗೆರೆ ಎಳೆದೆ. ಓದಿ ಹೇಳಿ ಅವನ ಮುಂದೆ ಇಟ್ಟೆ.

ಸುಶ್ರುತ ಆ ಗೆರೆಯನ್ನು ನೋಡುತ್ತ ಕೂತ. ಇದಕ್ಕೆ ಲೀಗಲ್‌ನವರನ್ನು ಕೇಳಬೇಕು ಎಂದ.

"ಕೇಳಿ. ಮತ್ತೆ ಕ್ಯಾಂಪಿಗೆ ನಾನು ವೀಳ್ಯ ಕೊಡುವುದಿಲ್ಲ" ಎಂದೆ.

"ಅಂಕಲ್, ಇದು ನಿಮ್ಮ ಜನಕ್ಕೇ ಒಳ್ಳೆಯದಲ್ವಾ? ಇನ್ನೂ ಸ್ಯಾಂಪಲ್ ಬಂದರೆ ಯಂತ್ರ ನಿಮ್ಮನ್ನು ಸರಿಯಾಗಿ ಕಲೀತದೆ."

"ಕಲಿತದ್ದನ್ನು ಹೇಳುವ ಧೈರ್ಯ ಅದಕ್ಕೆ ಬರಲಿ. ಆಮೇಲೆ ಉಗುಳುತ್ತೇವೆ."

ಅವನು ಎದ್ದು ನಿಲ್ಲಲಿಲ್ಲ ಈ ಸಲ.

ಸಹಿ ಮಾಡದೆ ಬಂದಿದ್ದರೆ ನಾನು ದೊಡ್ಡ ಬಂಡಾಯಗಾರನಾಗುತ್ತಿದ್ದೆ. ಬಾಗಿ ಸಾಯುತ್ತಿದ್ದಳು. ನಮ್ಮ ಸಿಟ್ಟಿಗೆ ಯಾವಾಗಲೂ ಒಂದು ಮಗು ಅಡ್ಡ ಕೂತಿರುತ್ತದೆ. ಬೇರೆ ಕಡೆ ಸ್ಕ್ಯಾನ್ ಮಾಡಿಸೋಣವೆಂದು ಸರ್ಕಾರಿ ಆಸ್ಪತ್ರೆಗೂ ಹೋಗಿ ಕೇಳಿದೆ. ನಾಲ್ಕು ತಿಂಗಳ ಸರತಿ ಎಂದರು. ರಮಿತಾಗೆ ಆದದ್ದನ್ನು ನೋಡಿದ ಮೇಲೆ ನಾಲ್ಕು ತಿಂಗಳು ಕಾಯುವಂತಿರಲಿಲ್ಲ. ನನ್ನ ಸಹಿ ಅವರ ಕೈಗೆ ಸಿಕ್ಕಿತ್ತು, ಉಳಿದದ್ದು ಸತ್ಯಮ್ಮನ ಹೇಳಿಕೆ.

ಮನೆಗೆ ಬಂದು ಅಜ್ಜನ ಪಟದ ಮುಂದೆ ದೀಪ ಹಚ್ಚಿದೆ. ಸತ್ಯಮ್ಮ ಅಕ್ಕಿ ಆರಿಸುತ್ತಿದ್ದಳು. ಬಾಗಿ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ಮೂವತ್ತು ವರ್ಷ ಆಡದ ಮಾತನ್ನು ನಾನು ನಮ್ಮ ಮನೆಮಾತು ತುಳುವಿನಲ್ಲಿ, ಇಬ್ಬರ ಮುಂದೆಯೂ ಹೇಳಿದೆ. ತುಕ್ರುವಿನ ಹೆಸರು ಹೇಳುವಾಗ ದೀಪದ ಕಡೆ ನೋಡಿದೆ. ದೀಪ ಆರಲಿಲ್ಲ. ಆರುತ್ತದೆಂದು ನಾನು ಎದುರು ನೋಡಿದ್ದೆ.

ಬಾಗಿ ಎದ್ದು ಹೋಗಿ ಸತ್ಯಮ್ಮನ ಮೊರ ತೆಗೆದುಕೊಂಡು ತಾನೇ ಅಕ್ಕಿ ಆರಿಸಲು ಕೂತಳು. ಅವಳಿಗೆ ಅಕ್ಕಿ ಆರಿಸಲು ಬರುವುದಿಲ್ಲ. ಕಲ್ಲನ್ನು ಒಳಗೆ ಬಿಟ್ಟು ಅಕ್ಕಿಯನ್ನು ಹೊರಗೆ ಹಾಕುತ್ತಿದ್ದಳು. ಸತ್ಯಮ್ಮ ಅವಳನ್ನು ಬೈಯಲಿಲ್ಲ.

ಸತ್ಯಮ್ಮ ನನ್ನ ಕಡೆ ತಿರುಗಿದಳು. "ಅಣ್ಣ, ಅಕ್ಕ ಬರುವುದಾದರೆ ಬರಲಿ. ಮಗಳನ್ನು ಹೇಗೆ ಸಾಕಿದ್ದೇನೆ ಅಂತ ನೋಡಿ ಹೋಗಲಿ. ಆದರೆ ಕರೆದುಕೊಂಡು ಹೋಗುವುದಕ್ಕೆ ನಾನು ಬಿಡುವುದಿಲ್ಲ."

ಮರುದಿನ ಮೂವರೂ ಹೊರಟೆವು. ಶಹಾಡ್‌ನಿಂದ ಠಾಣೆಗೆ ಲೋಕಲ್. ಸತ್ಯಮ್ಮನ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಬಾಗಿ ಅವಳನ್ನು ಬೆನ್ನಿನ ಮೇಲೆ ಹೊತ್ತು ಸೇತುವೆ ದಾಟಿಸಿದಳು. ಹಿಂದಿನಿಂದ ಜನ ಚಲಾ, ಚಲಾ ಎಂದು ತಳ್ಳುತ್ತಿದ್ದರು. ಎಂಟುನೂರು ಚಪಾತಿ ಲಟ್ಟಿಸುವ ತೋಳು, ಅವಳಿಗೆ ಭಾರವಾಗಲಿಲ್ಲ.

ಸ್ಕ್ಯಾನ್ ವಿಭಾಗದ ಕೌಂಟರಿನಲ್ಲಿ ಜಯೇಶ್ ಎಂಬ ಗುಮಾಸ್ತ ಇದ್ದ. ಮಂಗಳೂರು ಕಡೆಯವನಂತೆ, ಆದರೆ ಮಾತೆಲ್ಲ ಮರಾಠಿ. ಹೇಳಿಕೆಯ ಕಾಗದವನ್ನು ಅವನೇ ಓದಿ ಹೇಳಿದ. ನಾನು, ಸತ್ಯಮ್ಮ, ಬಾಗಿಯ ತಾಯಿ ಅಲ್ಲ. ಅವಳನ್ನು ಹೆತ್ತಿಲ್ಲ. ಹಿಂದೆ ತಾಯಿ ಎಂದು ಹೇಳಿದ್ದು ತಪ್ಪು. ನಾನು ತಂಗಿಗೆ ತುಳುವಿನಲ್ಲಿ ಹೇಳಿದೆ. ಅವಳು ಇನ್ನೊಮ್ಮೆ ಹೇಳಲು ಹೇಳಿದಳು. ಇನ್ನೊಮ್ಮೆ ಹೇಳಿದೆ. ಸುತ್ತ ಜನ ಇದ್ದರು. ಒಬ್ಬ ಹೆಂಗಸು ಮೊಬೈಲಿನಿಂದ ತಲೆಯೆತ್ತಿ ನೋಡಿದಳು.

ಸತ್ಯಮ್ಮ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿದಳು. ಒತ್ತಿದಳು. ಜಯೇಶ್ ಕೀಲಿಗಳನ್ನು ಒತ್ತಿದ. ಪರದೆಯಲ್ಲಿ ಒಂದು ಜಾಗ ತೆರೆಯಿತು. ಸತ್ಯಮ್ಮ ಹೋದಳು, ತುಕ್ರು ಬಂದಳು. ಮೂವತ್ತೊಂಬತ್ತು ವರ್ಷ. ಎದೆಯ ಕ್ಯಾನ್ಸರ್. ನಾನು ಹತ್ತು ಎಣಿಸುವುದರೊಳಗೆ ಕಾರ್ಡು ಕೆಂಪಾಯಿತು. ನಾಲ್ಕು ವರ್ಷದಲ್ಲಿ ಆಗದ್ದು. ಬಾಗಿಯನ್ನು ಒಳಗೆ ಕರೆದರು.

ಒಳಗಿನ ಹಜಾರಕ್ಕೆ ಒಬ್ಬರು ಜೊತೆಗೆ ಹೋಗಬಹು‌ದಿತ್ತು. ಸತ್ಯಮ್ಮ ಎದ್ದಳು. ಜಯೇಶ್ ಪಾಸಿಗೆ ಸಂಬಂಧ ಬರೆಯಬೇಕೆಂದ. ತಾಯಿ, ತಂದೆ, ಗಂಡ, ಒಡಹುಟ್ಟಿದವರು, ಮಕ್ಕಳು. ಇಷ್ಟೇ ಜಾಗ ಇರುವುದು. ತಾಯಿ ಎಂದು ಬರೆ ಎಂದೆ. ಅವನು ಪರದೆಯನ್ನು ನಮ್ಮ ಕಡೆ ತಿರುಗಿಸಿದ. ತಾಯಿ ಸತ್ತಿದ್ದಾಳೆ. ಈಗ ತಾನೇ ಇವರೇ ಒತ್ತಿದ್ದಾರಲ್ಲ, ಮೀ ಕಾಯ್ ಕರೂ ಎಂದ. ನಾನೇನು ಮಾಡಲಿ ಎಂದರ್ಥ. ಅವನದೂ ತಪ್ಪಲ್ಲ. ಆ ಆಸ್ಪತ್ರೆಯಲ್ಲಿ ಯಾರದೂ ತಪ್ಪಲ್ಲ.

ಬಾಗಿ ಬಾಗಿಲಿನಲ್ಲಿ ನಿಂತಿದ್ದಳು. ಆಸ್ಪತ್ರೆಯ ನೀಲಿ ಅಂಗಿ ಹಾಕಿಸಿದ್ದರು. ಅವಳು ಒಳಗೆ ಹೋಗುವುದಿಲ್ಲ ಎಂದಳು. ಸತ್ಯಮ್ಮನನ್ನು ತೋರಿಸಿ, ಆಯಿ ಬರದೆ ಹೋಗುವುದಿಲ್ಲ ಎಂದಳು.

ಸತ್ಯಮ್ಮ ಅವಳನ್ನು ಗದರಿಸಿ ಒಳಗೆ ಕಳಿಸಿದಳು. ಆಮೇಲೆ ಆ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಕಾವಲಿನವನು ಬಂದು, ಇಲ್ಲಿ ಕೂರುವಂತಿಲ್ಲ ಆಜಿ ಎಂದ. ಬೆಂಚು ತೋರಿಸಿದ. ಅವಳು ಏಳಲಿಲ್ಲ. ಅವನು ಭುಜಕ್ಕೆ ಕೈ ಹಾಕಿದ.

"ನಾನು ಹೆಬ್ಬೆಟ್ಟು ಒತ್ತಿದ್ದು ಕಾಗದಕ್ಕೆ" ಎಂದು ಸತ್ಯಮ್ಮ ತುಳುವಿನಲ್ಲೇ ಅವನಿಗೆ ಹೇಳಿದಳು. "ಮಗಳಿಗಲ್ಲ. ಕೈ ತೆಗೆ."

ಅವನಿಗೆ ತುಳು ಬರುತ್ತಿರಲಿಲ್ಲ. ಕೈ ತೆಗೆದ. ಜಯೇಶನಿಗೆ ಬರುತ್ತಿತ್ತು. ಅವನು ಪರದೆಯ ಕಡೆ ತಲೆ ತಗ್ಗಿಸಿದ.

ಇಪ್ಪತ್ತು ನಿಮಿಷ. ಟ್ರಾಲಿಗಳು ಅವಳನ್ನು ಸುತ್ತಿಕೊಂಡು ಹೋದವು. ಆಮೇಲೆ ಒಳಗಿನಿಂದ ಒಬ್ಬ ಲೇಡಿ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಫೈಲು. ಬಾಗಿಚೀ ಆಯಿ ಕೋಣ್ ಆಹೆ ಎಂದು ಕೇಳಿದರು. ಬಾಗಿಯ ತಾಯಿ ಯಾರು?

ನೆಲದಿಂದ ಸತ್ಯಮ್ಮ ಕೈ ಎತ್ತಿದಳು. ನಾನು ಜಯೇಶನನ್ನು ನೋಡಿದೆ. ಅವನ ಮುಂದೆ ಪರದೆ ಇನ್ನೂ ತೆರೆದೇ ಇತ್ತು. ಅವನು ಏನೂ ಹೇಳಲಿಲ್ಲ. ಆ ಕಟ್ಟಡದಲ್ಲಿ ಒಬ್ಬರು ಗೊತ್ತಿದ್ದೂ ಸುಮ್ಮನಿದ್ದು ಒಳ್ಳೆಯದಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಡಾಕ್ಟರು ಅವಳ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ನಿಧಾನವಾಗಿ ಹೇಳಿದರು. ಎಡಗಡೆ ಒಂದು ಗಂಟು ಉಂಟು. ತೊಗರಿಬೇಳೆಯಷ್ಟು. ಕೈಗೆ ಸಿಗುವಂಥದ್ದಲ್ಲ. ಇಂದೇ ಸೂಜಿ ಹಾಕಿ ನೋಡಬೇಕು. ಕೆಟ್ಟದ್ದೇ ಇದ್ದರೂ ಹೆದರಬೇಡಿ, ಬೇಗ ಸಿಕ್ಕಿದೆ, ತೆಗೆಯಬಹುದು. ಒಪ್ಪಿಗೆಗೆ ಬಾಗಿ ಸಹಿ ಮಾಡಿದ್ದಾಳೆ, ಅದರ ಕೆಳಗೆ ಹತ್ತಿರದವರದೂ ಒಂದು ಬೇಕು. ಫೈಲನ್ನು ಸತ್ಯಮ್ಮನ ಮಡಿಲಲ್ಲಿ ತೆರೆದು ತೋರಿಸಿದರು. ತಾಯಿ ಎಂದು ಅವರೇ ಬರೆದಿದ್ದರು.

ಜಯೇಶ್ ಶಾಯಿಯ ಡಬ್ಬಿ ಹಿಡಿದುಕೊಂಡು ಕೌಂಟರಿನಿಂದ ಎದ್ದು ಬಂದ. ಸತ್ಯಮ್ಮ ಬೇಡ ಎಂದು ತಲೆಯಾಡಿಸಿದಳು. ಮೊದಲಿನ ಶಾಯಿ ಅವಳ ಹೆಬ್ಬೆಟ್ಟಿನ ಮೇಲೆ ಇನ್ನೂ ಹಸಿಯಾಗಿತ್ತು. ಅದರಿಂದಲೇ ಒತ್ತಿದಳು.